ಬೇಸಿಗೆಗೆ ಎದ್ದ ಹಳಿ

ಏಪ್ರಿಲ್ 27, 2025, ಭಾನುವಾರ
ಕಲಬುರಗಿ

ಊಟ ಮುಗಿಸಿ ಮಾಳಿಗೆ ಕೋಣೆಗೆ ಹೋಗಿ ಸ್ವಿಚ್ ಹಾಕಿದೆ. ನಾನು ಕಟ್ಟಿದ ಮಾದರಿ ರೈಲು, ನನ್ನ ಉದ್ಯಾನ್ ಎಕ್ಸ್‌ಪ್ರೆಸ್, ಪ್ಲಾಟ್‌ಫಾರಂ ಬಿಟ್ಟು ಒಂದು ಮೊಳ ಹೋಗಿ ಮಗ್ಗುಲಿಗೆ ಬಿತ್ತು. ಎತ್ತಿಟ್ಟೆ. ಅಲ್ಲೇ ಮತ್ತೆ ಬಿತ್ತು.

ಒಂದು ಕಣ್ಣು ಮುಚ್ಚಿ ಹಳಿ ಮಟ್ಟಕ್ಕೆ ಬಗ್ಗಿ ನೋಡಿದರೆ, ಜನವರಿಯಲ್ಲಿ ದಾರ ಹಿಡಿದು ನೇರ ಹಾಕಿದ್ದ ಹಳಿ ಹಾವಿನ ಹಾಗೆ ಸೊಟ್ಟಗಾಗಿದೆ. ಶಹಾಬಾದ್ ಫರ್ಸಿ ಕುಟ್ಟಿ, ಜರಡಿ ಹಿಡಿದು, ಅಂಟು ಹಾಕಿ ಕೂರಿಸಿದ್ದ ಜಲ್ಲಿಯೂ ಕಿತ್ತು ಮೇಲೆದ್ದಿದೆ. ಹಳಿ ಕೆಳಗೆ ಉಗುರು ತೂರಿಸಬಹುದು!

ಪಕ್ಕದ ಮನೆಯ ಕಾಕಾ ಬಂದರು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳೋ ಗ್ಯಾಂಗ್‌ಮನ್ ಆಗಿ ರಿಟೈರ್ ಆದವರು. ನೋಡಿದ್ದೇ ತಡ, "ಸಂದು ಬಿಟ್ಟಿಲ್ಲೇನೋ ತಮ್ಮಾ?" ಅಂದರು.

ಜೋಡಣೆಯಲ್ಲಿ ಸಂದು ಎಲ್ಲಿ ಬಿಡೋದು? ಕರೆಂಟ್ ಚೆನ್ನಾಗಿ ಹರಿಯಲಿ ಅಂತ ಎಲ್ಲ ಜೋಡಣೆಗೂ ಬೆಸುಗೆ ಹಾಕಿಬಿಟ್ಟಿದ್ದೆ. ಈ ಆಟದಲ್ಲಿ ಹಳಿಯೇ ವೈರು, 12 ವೋಲ್ಟ್ ಅದರಲ್ಲೇ ಹೋಗಬೇಕು. ಆದರೆ ಮಾಳಿಗೆ ಕಾವಿಗೆ ಹಳಿ ಹಿಗ್ಗುತ್ತೆ, ಕೆಳಗಿನ ಹಲಗೆ ಒಣಗಿ ಕುಗ್ಗುತ್ತೆ. ನಡುವೆ ಸಿಕ್ಕ ಹಳಿ ಮೇಲೇಳದೆ ಇನ್ನೇನು ಮಾಡೀತು.

ಕಾಕಾನ ಕಣ್ಣು ಇನ್ನೊಂದು ಕಡೆಗೂ ಹೋಯಿತು. "ಹಳಿ ನಡುವಿನ ಜಾಗ ಸಣ್ಣ ಅದ ಅಲ್ಲ?" ಸರಿಯಾಗಿ ಹಿಡಿದರು. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ನನ್ನ ಮಾದರಿ ಅಸಲಿನ 87ರಲ್ಲಿ ಒಂದು ಪಾಲು, ಅಂದರೆ 19ರ ಮೇಲೆ ಬರಬೇಕು. ಅಂಗಡಿಯಲ್ಲಿ ಸಿಗೋ ಎಚ್‌ಓ (ಈ ಅಳತೆಯ ಮಾದರಿಗಳ ಹೆಸರು) ಹಳಿ 16.5, ಅದು 1435ರ ವಿದೇಶಿ ಗೇಜಿನ ಲೆಕ್ಕ. ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ.

ಸ್ಟೇಷನ್ ಬೋರ್ಡಿಗೂ ಆಕ್ಷೇಪಣೆ ಬಂತು. ಹಳದಿ ಬೋರ್ಡಿನ ಮೇಲೆ ನಾನು ಬರೆದಿರೋದು 'ಗುಲ್ಬರ್ಗಾ'. ಬೇಕಂತಲೇ ಬರೆದದ್ದು. ಹೆಸರು ಬದಲಾದದ್ದು 2014ರಲ್ಲಿ, ಬೀದರ್ ಲೈನ್ ಶುರುವಾದದ್ದು 2017ರಲ್ಲಿ. ಹಳೇ ಹೆಸರು ಇಟ್ಟರೆ ಆ ಲೈನೂ ಬೇಡ, ಮೇಲೆ ಕರೆಂಟ್ ತಂತಿಯೂ ಬೇಡ. ಡೀಸೆಲ್ ಎಂಜಿನ್ ಒಂದಿದ್ದರೆ ಸಾಕು. ಸೋಮಾರಿತನ ಅನ್ನಿ, ಪರವಾಗಿಲ್ಲ.

ಸಂಜೆತನಕ ಇಬ್ಬರೂ ಕೂತು ರಿಪೇರಿ ಮಾಡಿದೆವು. ಎರಡೆರಡು ಜೋಡಣೆ ಬಿಟ್ಟು ಪ್ರತಿ ಮೂರನೆಯದರ ಬೆಸುಗೆ ಬಿಚ್ಚಿದೆ, ಹಳಿಯ ತುದಿ ಚೂರು ಅರದಿಂದ ಉಜ್ಜಿದೆ. ಕರೆಂಟ್ ದಾಟಲು ಕೆಳಗಿಂದ ಸಣ್ಣ ವೈರು ಕೊಟ್ಟೆ. ಸಂದಿನ ಅಳತೆ ಕಾಕಾನದು. ಹಳೇ ಮದುವೆ ಕರೆಯೋಲೆಯ ಅಂಚು ತೂರಿಸಿ, "ಈ ಬಿಸಿಲಾಗ ಇಷ್ಟು ಸಾಕು. ಥಂಡಿ ದಿನದಾಗ ಹಾಕಿದ್ರ ಜಾಸ್ತಿ ಬಿಡಬೇಕಿತ್ತು" ಅಂದರು. ಜನವರಿಯಲ್ಲೇ ಕೇಳಬೇಕಿತ್ತು, ಅಲ್ವಾ?

ರೈಲು ಮೂರು ಸುತ್ತು ಬೀಳದೆ ಓಡಿತು. ನನಗೆ ಖುಷಿ. ಕಾಕಾ ಮಾತ್ರ ನಂಬಲಿಲ್ಲ. ಚಪ್ಪಲಿ ಮೆಟ್ಟುತ್ತಾ, "ಸಂಜಿ ಓಡಿದ್ದು ಲೆಕ್ಕಕ್ಕಿಲ್ಲ. ನಾಳೆ ಮಧ್ಯಾಹ್ನ ಎರಡಕ್ಕ ಬರ್ತೀನಿ, ಬಿಸಿಲು ಏರಿದಾಗ ನೋಡಬೇಕು" ಅಂದರು.