ಹಟ್ಟೊನೆಲ್ಲಾ ಬೇಟೆ ಕೊನೆಗೂ ಕ್ಯಾಮೆರಾಗೆ ಸಿಕ್ಕಿತು

ಸಿಕ್ಕಿತು! ಹಟ್ಟೊನೆಲ್ಲಾ ಬೈಕಲರ್ ಎಂಬ ಪುಟ್ಟ ಬಸವನಹುಳು ಬೇಟೆಯಾಡಿ ತಿನ್ನುವುದು ಶುರುವಿನಿಂದ ಕೊನೆವರೆಗೂ ವಿಡಿಯೋದಲ್ಲಿ ಬಂದಿದೆ. ಹುಳು ಸಾಕಲು ಡಬ್ಬಿ ಜೋಡಿಸುವುದು, ಅದರಲ್ಲಿ ತೇವ ಕಾಯುವುದು ನಿಮಗೆಲ್ಲ ಗೊತ್ತಿರುವ ವಿಷಯ. ಈ ಸಲ ಬರೀ ಬೆಳಕಿನ ಕಥೆ.

ಹೂಕುಂಡದ ಅಡಿ ಸಿಗುವ ಈ ಮಾಂಸಾಹಾರಿ ಬಸವನಹುಳು ಸುಮಾರು 7 ಮಿ.ಮೀ. ಉದ್ದ ಅಷ್ಟೆ. ಬಿಳಿ ಎಲ್ಇಡಿ ಹಾಕಿದ ತಕ್ಷಣ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಬೆಳಕು ಕಮ್ಮಿ ಮಾಡಿದರೆ ವಿಡಿಯೋ ತುಂಬ ಕಾಳು ಕಾಳು. ಮುಚ್ಚಳ ಹಾಕಿದರೆ ಹಬೆ ಕಟ್ಟುತ್ತದೆ, ತೆಗೆದರೆ ಹುಳು ಒಣಗುತ್ತದೆ. ತಲೆ ಕೆಟ್ಟು ಹೋಗಿತ್ತು.

ದಾರಿ ಸಿಕ್ಕಿದ್ದು ಕೆಳಗಿನಿಂದ. ಗಾಜಿನ ಪೆಟ್ರಿ ತಟ್ಟೆಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ಅಡಿಯಲ್ಲಿ ಮ್ಯಾಕ್ರೋ ಲೆನ್ಸ್ ಹಾಕಿದ ಮೊಬೈಲ್ ಮಲಗಿಸಿದೆ. ತಟ್ಟೆಯ ಅಂಚಿಗೆ ಮಾತ್ರ ಒದ್ದೆ ಟಿಶ್ಯೂ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಸುತ್ತಿ ಪಕ್ಕದಿಂದ ಬೆಳಕು ಬಿಟ್ಟೆ. ಹುಳು ಆರಾಮಾಗಿ ಓಡಾಡಿತು! ಮುಚ್ಚಳದ ಹಬೆಯ ಕಾಟವೂ ಇಲ್ಲ.

ಈ ತಟ್ಟೆಗಾಗಿ ಪಟ್ಟ ಪಾಡು ಬೇರೆ. ಆನ್‌ಲೈನ್ ಅಂಗಡಿಯವರು ಮೊದಲು ಕಳಿಸಿದ್ದು ಗೀರು ಬಿದ್ದ ಪ್ಲಾಸ್ಟಿಕ್. ಆಮೇಲೆ ಬಂದ ಗಾಜಿನ ತಳ ಅಲೆ ಅಲೆ. ಡಬ್ಬಿಗೆ ಹಾಸುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಾರುವವರಂತೂ ಉಪ್ಪು ತೊಳೆಯದೆಯೇ ಕೊಡುತ್ತಾರೆ. ತಂದವರು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಹುಳುಗಳ ಜೀವದ ಪ್ರಶ್ನೆ.

ಈಗ ಬೇಟೆ. ಆಹಾರಕ್ಕೆ ಬಿಟ್ಟಿದ್ದು ಅಲೋಪಿಯಸ್, ಅದೇ ಕುಂಡಗಳಲ್ಲಿ ಸಿಗುವ ಉದ್ದ ಚಿಪ್ಪಿನ ಪುಟ್ಟ ಹುಳು. ಹಟ್ಟೊನೆಲ್ಲಾ ಅದರ ಚಿಪ್ಪಿನ ಬಾಯಿಗೆ ತಲೆ ತೂರಿಸಿತು. ಅಲೋಪಿಯಸ್ ಒಳಗೆ ಸರಿದ ಹಾಗೆಲ್ಲ ಇದೂ ಹಿಂದೆಯೇ ಹೋಯಿತು. ಆ ಚಿಪ್ಪು ತೆಳು, ಹೊರಗಿನಿಂದಲೇ ಒಳಗಿನದು ಕಾಣುತ್ತದೆ. ಹಾಗಾಗಿ ಬೇಟೆಗಾರನ ಕಿತ್ತಳೆ ಬಣ್ಣದ ಕತ್ತು ಸುರುಳಿ ಸುರುಳಿಯಾಗಿ ಒಳಗೆ ಏರುವುದು ಪೂರ್ತಿ ಕಂಡಿತು. ಕೆಂಪು ಬೆಳಕಲ್ಲಿ ಬಣ್ಣ ಸತ್ತರೂ ಆಕಾರ ಚೊಕ್ಕವಾಗಿ ಬಂದಿದೆ. ಇದಕ್ಕೆ ದವಡೆ ಇಲ್ಲ. ನಾಲಿಗೆಯಂಥ ಪಟ್ಟಿಯ ಮೇಲಿನ ಚೂಪು ಹಲ್ಲುಗಳಲ್ಲೇ ಹರಿದು ತಿನ್ನುತ್ತದೆ. ಕೊನೆಗೆ ಉಳಿದದ್ದು ಖಾಲಿ ಚಿಪ್ಪು. ಎಷ್ಟು ಚೆಂದ ಅಲ್ವಾ!

ಕೊಡಗಿನ ತೋಟದವರೊಬ್ಬರು, ಕಾಫಿಗೆ ಬೀಳುವ ಆಫ್ರಿಕನ್ ದೈತ್ಯ ಬಸವನಹುಳು ತಿನ್ನಲು ಇದನ್ನು ಬಿಡಬಹುದಾ ಅಂತ ಕೇಳಿದ್ದರು. ಬೆಳೆದ ಆಫ್ರಿಕನ್ ಹುಳು ಅಂಗೈಯಷ್ಟಿರುತ್ತದೆ, ಇದರಿಂದ ಆಗದು. ದೊಡ್ಡ ಬೇಟೆಗಾರ ಹುಳು ತರಿಸುವ ಯೋಚನೆಯೂ ಬೇಡ. 1955ರಲ್ಲಿ ಹವಾಯಿಗೆ ಯೂಗ್ಲಾಂಡಿನಾ ರೋಸಿಯಾ ಎಂಬ ಬೇಟೆಗಾರ ಬಸವನಹುಳು ತಂದದ್ದು ಇದೇ ಆಸೆಯಿಂದ. ಅದು ಅಲ್ಲಿನ ನಾಡುಹುಳುಗಳನ್ನೇ ತಿಂದುಹಾಕಿತು. ಪೆಸಿಫಿಕ್ ಸಾಗರದ ಮೊರಿಯಾ ದ್ವೀಪಕ್ಕೂ ಅದನ್ನು 1977ರಲ್ಲಿ ಬಿಟ್ಟರು. ಹತ್ತು ವರ್ಷದೊಳಗೆ ಅಲ್ಲಿನ ಕಾಡಿನಲ್ಲಿ ಪಾರ್ಟುಲಾ ಎಂಬ ನಾಡು ಬಸವನಹುಳುಗಳೇ ಇಲ್ಲವಾದವು. ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಮುಂದಿನದು ಪೆರೋಟೆಶಿಯಾ! ಪಶ್ಚಿಮ ಘಟ್ಟದ್ದೇ ಬಸವನಹುಳು, ಹಟ್ಟೊನೆಲ್ಲಾ ಕುಟುಂಬದ್ದು, ಚಿಪ್ಪು ಒಂದು ಕಡೆ ವಾಲಿಕೊಂಡಿರುತ್ತದೆ. ಕಾಡಿನಿಂದ ಒಂದನ್ನೂ ತರುವುದಿಲ್ಲ. ಅನುಮತಿ ತಗೊಂಡು, ಇದ್ದಲ್ಲೇ ಫೋಟೋ. ಹುಡುಕಬೇಕಾದದ್ದು ಮಳೆಗಾಲದಲ್ಲಿ. ಆ ಮಳೆಯಲ್ಲಿ ಲೆನ್ಸಿಗೆ ತೇವ ಹಿಡಿಯದ ಹಾಗೆ ನೀವು ಏನು ಮಾಡುತ್ತೀರಿ? ಹೇಳಿ, ಸಾಮಾನು ಈಗಲೇ ಜೋಡಿಸಬೇಕು.