ಮಡಚಿಕೊಂಡ ಕಾಲ್ಬೆರಳು: ಮೊದಲು ನೋಡಬೇಕಾದದ್ದು ಆಣಿಯನ್ನಲ್ಲ

ಕಾಸರಗೋಡಿನ ಬದಿಯಡ್ಕ ಪರಿಸರದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನಲ್ಲಿಗೆ ಕಾಲ್ಬೆರಳು ಮಡಚಿಕೊಂಡಿದೆ ಎಂದು ಹೇಳಿಕೊಂಡು ಬರುವವರು ಕಡಿಮೆ. ಹೆಚ್ಚಿನವರು ಬರುವುದು ಬೆರಳಿನ ಮೇಲೆ ಎದ್ದ ಆಣಿಗೆ ಮದ್ದು ಕೇಳಿಕೊಂಡು. ಆಣಿಯನ್ನು ಎಷ್ಟು ಸಲ ಕೆರೆದು ತೆಗೆದರೂ ಅದರ ಅಡಿಯಲ್ಲಿ ಉಬ್ಬಿ ನಿಂತ ಕೀಲು ಶೂವಿಗೆ ಉಜ್ಜುವುದು ನಿಲ್ಲದ ಕಾರಣ ಅದು ಮತ್ತೆ ಬೆಳೆಯುತ್ತದೆ.

ಹ್ಯಾಮರ್ ಟೋ ಎನ್ನುವ ಈ ತೊಂದರೆಯಲ್ಲಿ ಬೆರಳಿನ ನಡುವಿನ ಕೀಲು ಕೆಳಕ್ಕೆ ಬಾಗಿರುತ್ತದೆ, ಅನೇಕರಲ್ಲಿ ಬುಡದ ಕೀಲು ಮೇಲಕ್ಕೆದ್ದಿರುತ್ತದೆ. ಹೆಚ್ಚಾಗಿ ಇದಕ್ಕೆ ಗುರಿಯಾಗುವುದು ಎರಡನೆಯ ಬೆರಳು. ಮೊಣಕಾಲಿನ ಕೆಳಗಿನಿಂದ ಬರುವ ಉದ್ದದ ಸ್ನಾಯುಗಳ ಎಳೆತವನ್ನು ಪಾದದೊಳಗಿನ ಸಣ್ಣ ಸ್ನಾಯುಗಳು ಸರಿದೂಗಿಸಲಾರದಾದಾಗ ಬೆರಳು ಹೀಗೆ ಬಾಗಿ ನಿಲ್ಲುತ್ತದೆ. ಬಿಗಿಯಾದ ಶೂ, ಹೆಬ್ಬೆರಳಿಗಿಂತ ಉದ್ದವಾದ ಎರಡನೆಯ ಬೆರಳು, ಪಕ್ಕದ ಬೆರಳಿನತ್ತ ವಾಲಿದ ಹೆಬ್ಬೆರಳು, ರುಮಟಾಯ್ಡ್ ಸಂಧಿವಾತ ಇವೆಲ್ಲ ಅದಕ್ಕೆ ಕಾರಣವಾಗಬಹುದು. ಹಲವು ಬೆರಳುಗಳು ಒಟ್ಟಿಗೆ ಹಕ್ಕಿಯ ಪಂಜದಂತೆ ಒಳಕ್ಕೆ ಬಾಗಿದ್ದರೆ ನಾನು ನರದ ತೊಂದರೆಯನ್ನು ಶಂಕಿಸಿ ವೈದ್ಯರ ಬಳಿಗೆ ಕಳುಹಿಸುತ್ತೇನೆ.

ಚಿಕಿತ್ಸೆಯ ದಾರಿಯನ್ನು ನಿರ್ಧರಿಸುವುದು ಒಂದು ಸರಳ ಪರೀಕ್ಷೆ. ಬೆರಳುಗಳ ಬುಡದ ಕೆಳಗೆ, ಅಂಗಾಲಿನ ಮುಂಭಾಗವನ್ನು ಕೈಯ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದಾಗ ಬಾಗಿದ ಬೆರಳು ನೆಟ್ಟಗಾದರೆ ಕೀಲು ಇನ್ನೂ ಮೆದುವಾಗಿದೆ ಎಂದರ್ಥ. ಹಾಗಲ್ಲದೆ ಬಾಗಿಯೇ ಉಳಿದರೆ ಅದು ಸೆಡೆತುಕೊಂಡಿದೆ. ಮೆದುವಾದ ಬೆರಳಿಗೆ ಟೇಪ್ ಸುತ್ತುವುದು, ಅಂಗಾಲಿನಡಿ ಪ್ಯಾಡ್ ಇಡುವುದು, ಬೆರಳನ್ನು ಕೈಯಿಂದ ನಿಧಾನವಾಗಿ ಚಾಚುವುದು ಇವೆಲ್ಲ ನೋವನ್ನು ತಗ್ಗಿಸಿ ಚಲನೆಯನ್ನು ಉಳಿಸಿಕೊಡುತ್ತವೆ. ಸೆಡೆತ ಬೆರಳನ್ನು ಯಾವ ವ್ಯಾಯಾಮವೂ ನೆಟ್ಟಗೆ ಮಾಡುವುದಿಲ್ಲ; ಹಾಗೆ ಭರವಸೆ ಕೊಡುವುದು ತಪ್ಪೆಂದೇ ನನ್ನ ಅಭಿಪ್ರಾಯ. ಅಲ್ಲಿ ಸಿಲಿಕೋನ್ ಕವಚ ಮತ್ತು ಎತ್ತರವಾದ ಮುಂಭಾಗವಿರುವ ಪಾದರಕ್ಷೆಯಿಂದ ಉಜ್ಜುವಿಕೆಯನ್ನು ತಪ್ಪಿಸಬಹುದಷ್ಟೆ.

ಆದುದರಿಂದ ಈಗ ನಾನು ಎಲ್ಲರಿಗೂ ದಿನನಿತ್ಯ ಹಾಕುವ ಚಪ್ಪಲಿ, ಶೂಗಳನ್ನು ತರಲು ಹೇಳುತ್ತೇನೆ. ಸಂಜೆಯ ಹೊತ್ತಿಗೆ, ಪಾದ ಸ್ವಲ್ಪ ಊದಿರುವಾಗ, ಅವರನ್ನು ಹಳೆಯ ಪೇಪರಿನ ಮೇಲೆ ನಿಲ್ಲಿಸಿ ಪಾದದ ಅಂಚಿನ ಸುತ್ತ ಗೆರೆ ಎಳೆದು, ಅದರ ಮೇಲೆ ಶೂವನ್ನಿಟ್ಟರೆ ಮಾತೇ ಬೇಕಾಗುವುದಿಲ್ಲ. ಗಲ್ಫ್‌ನಲ್ಲಿ ವರ್ಷಗಟ್ಟಲೆ ಉಕ್ಕಿನ ಮೂತಿಯ ಸೇಫ್ಟಿ ಶೂ ಹಾಕಿ ದುಡಿದು ಊರಿಗೆ ಮರಳಿದವರಲ್ಲಿ ಗೆರೆ ಶೂವಿನಿಂದ ಹೊರಗೆ ಇಣುಕುವುದನ್ನು ಕಂಡಿದ್ದೇನೆ. ಉದ್ದನೆಯ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಇದರ ಇನ್ನೊಂದು ತುದಿ ಸಡಿಲವಾದ ಹವಾಯಿ ಚಪ್ಪಲಿ: ಅದು ಜಾರದಂತೆ ಹಿಡಿಯಲು ಬೆರಳುಗಳು ದಿನವಿಡೀ ಮಡಚಿಕೊಳ್ಳುತ್ತವೆ, ಆದ್ದರಿಂದ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಯೇ ಮೇಲು. ಕಾಲುಂಗುರ ಹಾಕುವ ಹೆಂಗಸರಲ್ಲಿ ಬಾಗಿದ ಎರಡನೆಯ ಬೆರಳಿಗೆ ಉಂಗುರ ಒತ್ತುತ್ತಿದೆಯೇ ಎಂದೂ ನೋಡುತ್ತೇನೆ. ಅದನ್ನು ತೆಗೆಯಲು ಹೇಳುವುದು ಅಷ್ಟು ಸುಲಭದ ಮಾತಲ್ಲ.

ಶುಗರ್ ಇರುವವರ ವಿಷಯದಲ್ಲಿ ಇಷ್ಟು ನಿಧಾನ ಮಾಡಲಾಗದು. ಸ್ಪರ್ಶಜ್ಞಾನ ಕಡಿಮೆಯಾದ ಪಾದಕ್ಕೆ ನೋವು ತಿಳಿಯದೆ ಆಣಿಯ ಅಡಿಯಲ್ಲಿಯೇ ಹುಣ್ಣಾಗಬಹುದು. ಅಂಥವರು ಬ್ಲೇಡಿನಿಂದ ಆಣಿ ಕೆತ್ತುವುದನ್ನೂ ಅಂಗಡಿಯಲ್ಲಿ ಸಿಗುವ ಸ್ಯಾಲಿಸಿಲಿಕ್ ಆಮ್ಲದ ಕಾರ್ನ್ ಪ್ಲಾಸ್ಟರ್ ಹಚ್ಚುವುದನ್ನೂ ಬಿಡಲೇಬೇಕು. 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಮುಟ್ಟಿ ಸ್ಪರ್ಶಜ್ಞಾನವನ್ನು ಪರೀಕ್ಷಿಸಿ, ಪಾದದ ನಾಡಿಯನ್ನೂ ನೋಡಿದ ಮೇಲೆಯೇ ಮುಂದಿನ ಮಾತು.

ಇಷ್ಟಾದರೂ ನೋವು ತಗ್ಗದಿದ್ದರೆ ಮೂಳೆ ತಜ್ಞರು ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ಮೆದುವಾದ ಬೆರಳಿನಲ್ಲಿ ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುವನ್ನು ಕತ್ತರಿಸುವುದು ಅಥವಾ ಅದರ ಸ್ಥಾನವನ್ನು ಬದಲಿಸುವುದು ಸಾಕಾಗಬಹುದು. ಸೆಡೆತ ಬೆರಳಿನಲ್ಲಿ ಕೀಲಿನ ಮೂಳೆಯ ಸ್ವಲ್ಪ ಭಾಗವನ್ನು ತೆಗೆದು ಅಥವಾ ಎರಡು ಮೂಳೆಗಳನ್ನು ಬೆಸೆದು, ಸಾಮಾನ್ಯವಾಗಿ 4ರಿಂದ 6 ವಾರ ಬೆರಳಿನೊಳಗೆ ತೆಳು ತಂತಿಯೊಂದನ್ನು ಉಳಿಸುತ್ತಾರೆ. ಬೆರಳಿನ ತುದಿಯಿಂದ ಹೊರಗೆ ಚಾಚಿರುವ ಆ ತಂತಿ ನೆನೆಯಬಾರದು, ಅದಕ್ಕೆ ಕೆಸರು ತಾಗಬಾರದು. ಹಾಗಾಗಿ ತುರ್ತಿಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗಾಲವನ್ನು ಬಿಟ್ಟು ದಿನ ಗೊತ್ತುಮಾಡುವಂತೆ ಶಸ್ತ್ರವೈದ್ಯರನ್ನು ಕೇಳಿನೋಡಲು ತೋಟದ ಕೆಲಸದವರಿಗೆ ಹೇಳುತ್ತೇನೆ. ತಂತಿ ತೆಗೆದ ಮೇಲೂ ಊತ ಕೆಲವು ತಿಂಗಳು ಉಳಿಯುವುದರಿಂದ ಹಳೆಯ ಶೂವನ್ನು ಮತ್ತೆ ಹಾಕಲು ಅವಸರ ಮಾಡಬಾರದೆಂದೂ ಆಗಲೇ ತಿಳಿಸಿಬಿಡುತ್ತೇನೆ.