ಪೈಲಟ್‌ಗಳ ರೂಮ್ ಬಿಲ್ ಯಾರು ಕಟ್ಟಬೇಕು?

ಮೈಸೂರಿನ ನಜರ್‌ಬಾದ್ ಕಡೆಯ ಒಂದು ಮಧ್ಯಮ ದರ್ಜೆಯ ಹೋಟೆಲಿನಲ್ಲಿ ನಾನು ಫ್ರಂಟ್ ಆಫೀಸ್ ನೋಡಿಕೊಳ್ಳುತ್ತೇನೆ. 2025ರ ದಸರಾ, ಜಂಬೂಸವಾರಿಗೆ ಮುಂಚಿನ ವಾರ. ರೂಮುಗಳೆಲ್ಲ ಭರ್ತಿ, ರೇಟೂ ಏರಿತ್ತು. ಸಂಜೆ ಇಬ್ಬರು ಪೈಲಟ್‌ಗಳು ಬಂದು ಕೌಂಟರ್ ಮುಂದೆ ನಿಂತರು. ಹೊರ ರಾಜ್ಯದ ಒಂದು ಕಂಪನಿಯ ಸ್ವಂತ ವಿಮಾನ, ಸಣ್ಣ ಕಿಂಗ್ ಏರ್. ಯಜಮಾನರು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಕೆಲಸದ ಮೇಲೆ ಬಂದಿದ್ದರು. ವಿಮಾನ ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ನಿಂತಿತ್ತು, ಯಜಮಾನರು ದೊಡ್ಡ ಹೋಟೆಲಿನಲ್ಲಿ ಇಳಿದಿದ್ದರು, ಇವರಿಬ್ಬರು ನಮ್ಮಲ್ಲಿಗೆ ಬಂದರು.

ಕ್ಯಾಪ್ಟನ್ ಉತ್ತರದ ಕಡೆಯವರು, ಐವತ್ತು ದಾಟಿದವರು. ಕೋ-ಪೈಲಟ್ ನಮ್ಮ ಮದ್ದೂರಿನ ಹುಡುಗಿ. ರೂಮಿನ ದರ ಆರೂವರೆ ಸಾವಿರ ಅಂದ ಕೂಡಲೇ ಅವಳ ಮುಖ ಸಪ್ಪಗಾಯಿತು.

"ಸರ್, ಕಂಪನಿ ಕೊಡೋದು ನಾಲ್ಕೇ ಸಾವಿರ. ಮಿಕ್ಕಿದ್ದು ನಾವೇ ಕಟ್ಕೊಬೇಕು."

"ದಸರಾ ಅಂತ ಹೇಳಮ್ಮ ಅವರಿಗೆ."

"ಹೇಳಿದೆ ಅಣ್ಣಾ. ಮೈಸೂರಿಗೆ ವರ್ಷಪೂರ್ತಿ ಒಂದೇ ರೇಟಂತೆ."

ಅವರ ಕಂಪನಿಯ ಅಕೌಂಟ್ಸ್‌ನವರಿಗೆ ನಾನೇ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ ರೂಮಿನ ಬಗ್ಗೆ ಅಲ್ಲ, ಜಿಎಸ್‌ಟಿ ಬಗ್ಗೆ. ನಮ್ಮ ಕಂಪನಿ ಬೇರೆ ರಾಜ್ಯದ್ದು, ಐಜಿಎಸ್‌ಟಿ, ಅಂದರೆ ರಾಜ್ಯ ರಾಜ್ಯಗಳ ನಡುವಿನ ವ್ಯವಹಾರದ ತೆರಿಗೆ, ಹಾಕಿ ಬಿಲ್ ಕೊಡಿ ಅಂದರು. ರೂಮ್ ಇರುವುದು ಮೈಸೂರಿನಲ್ಲಿ. ಉಳಿದುಕೊಳ್ಳುವವರು ಎಲ್ಲಿಂದ ಬಂದರೂ ಕಟ್ಟಡ ಇರುವ ರಾಜ್ಯದ ತೆರಿಗೆಯೇ ಬೀಳುತ್ತದೆ, ಅಂದರೆ ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ. ಜೊತೆಗೆ ಸೆಪ್ಟೆಂಬರ್ 22ರಿಂದ, ಅಂದರೆ ದಸರಾ ಶುರುವಾದ ದಿನದಿಂದಲೇ, ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿತ್ತು. ಇದನ್ನೆಲ್ಲ ನಿಧಾನವಾಗಿ ವಿವರಿಸಿದೆ. ಆ ಮನುಷ್ಯ ಒಳ್ಳೆಯವರೇ. ಆದರೆ ಅವರ ಮುಂದೆ ಇದ್ದ ಪಾಲಿಸಿ ಸೇಲ್ಸ್‌ನವರಿಗಾಗಿ ಬರೆದದ್ದು. ಸೇಲ್ಸ್‌ನವರು ಟೂರು ಮುಂಚೆಯೇ ಗೊತ್ತುಮಾಡಿಕೊಂಡು, ಅಗ್ಗದ ರೂಮ್ ನೋಡಿ ಬುಕ್ ಮಾಡಬಹುದು. ಪೈಲಟ್‌ಗೆ ಇವತ್ತು ರಾತ್ರಿ ಎಲ್ಲಿ, ಎಷ್ಟು ರಾತ್ರಿ ಅನ್ನುವುದು ಯಜಮಾನರ ಮೀಟಿಂಗ್ ಮುಗಿದ ಮೇಲೆ ಗೊತ್ತಾಗುತ್ತದೆ. ಒಂದೇ ರಾತ್ರಿ ಅಂದುಕೊಂಡು ಬಂದವರು ಈ ಸಲವೂ ಇನ್ನೊಂದು ರಾತ್ರಿ ಉಳಿಯಬೇಕಾಯಿತು.

ಕೊನೆಗೆ ಬಿಟಿಸಿ ಪತ್ರ ತರಿಸಿಕೊಂಡೆ. ಹೋಟೆಲಿನವರ ಬಾಯಲ್ಲಿ ಬಿಟಿಸಿ ಅಂದರೆ ಬಿಲ್ ನೇರವಾಗಿ ಕಂಪನಿಗೆ. ಮೇಲ್ ಬಂತು, ಪೂರ್ತಿ ದರಕ್ಕೆ ಒಪ್ಪಿಗೆಯೂ ಬಂತು. ಆದರೆ ಅಷ್ಟು ಹೊತ್ತಿಗೆ ಅವರಿಬ್ಬರು ಲಾಬಿಯಲ್ಲಿ ಕೂತು ಎರಡು ಗಂಟೆ ಕಳೆದಿತ್ತು. ನನ್ನ ಹೊಟ್ಟೆಗೆ ಸಂಕಟವಾದದ್ದು ಅದೇ. ಒಂದು ಡ್ಯೂಟಿಗೂ ಇನ್ನೊಂದಕ್ಕೂ ನಡುವೆ ಪೈಲಟ್‌ಗೆ ಇಷ್ಟು ಗಂಟೆ ವಿಶ್ರಾಂತಿ ಕೊಡಲೇಬೇಕು ಅನ್ನುವುದು ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ಆ ಗಂಟೆಗಳಲ್ಲಿ ಎರಡನ್ನು ನಾಲ್ಕಾರು ಸಾವಿರ ರೂಪಾಯಿಯ ಲೆಕ್ಕ ತಿಂದುಹಾಕಿತು. ರಸ್ತೆ ಕಡೆಯ ರೂಮ್ ಕೊಡದೆ ಹಿಂದುಗಡೆಯದು ಕೊಟ್ಟೆ. ದೀಪಾಲಂಕಾರ ನೋಡುವವರ ಗದ್ದಲ ಮುಂದಿನ ರೂಮುಗಳಿಗೆ ನಡುರಾತ್ರಿವರೆಗೂ ಕೇಳುತ್ತದೆ.

ಊಟಕ್ಕೆ ಕೂತಾಗ ಕ್ಯಾಪ್ಟನ್ ಬಿಸಿಬೇಳೆ ಬಾತ್ ಹೇಳಿದರು, ಅವಳು ಚಪಾತಿ ಪಲ್ಯ. ಬೇಕೆಂದೇ ಬೇರೆ ಬೇರೆ. ಒಂದೇ ಅಡುಗೆ ತಿಂದು ಇಬ್ಬರ ಹೊಟ್ಟೆಯೂ ಕೆಟ್ಟರೆ ವಿಮಾನ ನಡೆಸುವವರು ಇರುವುದಿಲ್ಲ, ಅದಕ್ಕೆ ಈ ಪದ್ಧತಿ. ಆ ಕಂಪನಿಯಲ್ಲಿ ಊಟಕ್ಕೆ ಬಿಲ್ ಕೊಟ್ಟರೆ ಮಾತ್ರ ದುಡ್ಡು. ಬೆಳಿಗ್ಗೆ ಹೊರಡುವ ಮೊದಲು ರಸ್ತೆ ಬದಿಯ ಗಾಡಿಯಲ್ಲಿ ತಿಂದ ಇಡ್ಲಿಗೆ ಯಾರು ಬಿಲ್ ಕೊಡುತ್ತಾರೆ? ಅವಳು ತನ್ನ ಕೈಯಿಂದ ಹಾಕಿಕೊಳ್ಳುತ್ತಾಳಂತೆ. ತರಬೇತಿಯ ಸಾಲ ಇನ್ನೂ ತೀರಿಲ್ಲದ ಹುಡುಗಿ.

ನಮ್ಮ ಊರಿನ ಟೂರಿಸ್ಟ್ ಟ್ಯಾಕ್ಸಿಯವರಿಗೆ ಊಟ ತಿಂಡಿಯ ಖರ್ಚಿಗೆ ಬಾಟ ಅಂತ ಕೊಡುತ್ತಾರೆ. ಊಟಿಗೆ ಹೋಗಿ ಏನು ತಿಂದೆ, ಚೀಟಿ ತೋರಿಸು ಅಂತ ಯಾರೂ ಕೇಳುವುದಿಲ್ಲ. ಊಟದ ವಿಷಯದಲ್ಲಿ ಪೈಲಟ್‌ಗೂ ಹಾಗೇ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ: ರೂಮಿನ ಬಿಲ್ ಕಂಪನಿ ನೇರವಾಗಿ ಕಟ್ಟಲಿ, ಊಟಕ್ಕೆ ದಿನಕ್ಕಿಷ್ಟು ಅಂತ ಕೈಗೆ ಕೊಟ್ಟುಬಿಡಲಿ.

ಕ್ಯಾಪ್ಟನ್ ಕೆಲವು ವರ್ಷ ಅಮೆರಿಕದಲ್ಲಿ ಕಂಪನಿ ವಿಮಾನ ಹಾರಿಸಿದವರು. ಕಾಫಿ ಕುಡಿಯುತ್ತಾ ಅಲ್ಲಿನ ಲೆಕ್ಕ ಹೇಳಿದರು. ಅಲ್ಲಿ ಜಿಎಸ್‌ಎ ಅನ್ನುವ ಸರ್ಕಾರಿ ಸಂಸ್ಥೆ ಊರೂರಿಗೆ ವಸತಿ ದರ, ಊಟದ ದರದ ಪಟ್ಟಿ ಹೊರಡಿಸುತ್ತದೆ. ಅದು ಸರ್ಕಾರಿ ನೌಕರರಿಗೆ ಮಾಡಿದ್ದು, ಆದರೆ ಖಾಸಗಿ ಕಂಪನಿಗಳೂ ಅದನ್ನೇ ಅಳತೆಗೋಲು ಮಾಡಿಕೊಂಡಿವೆ. ಪ್ರವಾಸಿಗರು ಹೆಚ್ಚು ಬರುವ ಊರುಗಳಿಗೆ ಸೀಸನ್ ತಿಂಗಳಲ್ಲಿ ವಸತಿ ದರ ಬೇರೆಯೇ ಇರುತ್ತದೆ. ಪೈಲಟ್‌ಗಳಂಥ ಸಾರಿಗೆ ಕೆಲಸದವರಿಗೆ ಊಟ ಮತ್ತು ಚಿಲ್ಲರೆ ಖರ್ಚಿಗೆ ಅಲಾಸ್ಕಾ, ಹವಾಯಿ ಬಿಟ್ಟು ದೇಶದ ಒಳಗೆ ಎಲ್ಲೇ ಇರಲಿ ದಿನಕ್ಕೆ 80 ಡಾಲರ್ ಅಂತ ಅಲ್ಲಿನ ತೆರಿಗೆ ಇಲಾಖೆ 2024ರ ಅಕ್ಟೋಬರ್‌ನಿಂದ ನಿಗದಿ ಮಾಡಿದೆ. ಆ ಮಿತಿಯೊಳಗೆ ಕೊಟ್ಟರೆ ತಿಂಡಿ ಊಟದ ಚೀಟಿ ಕೂಡಿಡಬೇಕಿಲ್ಲ, ಎಲ್ಲಿ, ಯಾವ ದಿನ, ಯಾವ ಕೆಲಸಕ್ಕೆ ಅನ್ನುವುದು ಬರೆದಿದ್ದರೆ ಸಾಕು. ರೂಮಿಗೆ ಆದಷ್ಟು ಖರ್ಚನ್ನೇ ಕೊಡುವುದಾದರೆ ಅದಕ್ಕೆ ರಸೀದಿ ಬೇಕು. ಸೀಸನ್ ದರದ ಮಾತು ಬಂದಾಗ ನಾನು ತಲೆಯಾಡಿಸಿದೆ. ದಸರಾ ಪ್ರತಿ ವರ್ಷ ಬರುತ್ತದೆ, ತಾರೀಖು ಕ್ಯಾಲೆಂಡರಿನಲ್ಲೇ ಇರುತ್ತದೆ. ಆ ಹತ್ತು ಹನ್ನೊಂದು ದಿನಕ್ಕೆ ಮೈಸೂರಿನ ಮಿತಿ ಏರಿಸಿ ಒಂದು ಸಾಲು ಸೇರಿಸಲು ಏನು ಕಷ್ಟ?

ಹೊರಡುವ ದಿನ ಇನ್ನೊಂದು ತೊಡಕು ಬಂತು. ನಮ್ಮದು ಸಿಪಿ ಪ್ಲಾನ್, ರೂಮಿನ ದರದಲ್ಲೇ ಬೆಳಗಿನ ತಿಂಡಿ ಸೇರಿರುತ್ತದೆ. ಬಿಲ್‌ನಲ್ಲಿ ಅದನ್ನು ನೋಡಿದರೆ ಅಕೌಂಟ್ಸ್‌ನವರು ಅವತ್ತು ಹೊರಗೆ ತಿಂದ ತಿಂಡಿಗೆ ಬಿಲ್ ಕೊಟ್ಟರೂ ಅದರ ದುಡ್ಡು ಕಡಿಯುತ್ತಾರಂತೆ. ನಮ್ಮ ಬಫೆ ಶುರುವಾಗುವುದು ಏಳೂವರೆಗೆ, ಇವರು ಆರಕ್ಕೇ ಮಂಡಕಳ್ಳಿಗೆ ಹೊರಟವರು. ತಿನ್ನದ ತಿಂಡಿಗೆ ಕಡಿತ ನ್ಯಾಯವಲ್ಲ. ಅಡುಗೆಮನೆಯವರನ್ನು ಎಬ್ಬಿಸಿ ಒಬ್ಬರಿಗೆ ಇಡ್ಲಿ, ಇನ್ನೊಬ್ಬರಿಗೆ ಬ್ರೆಡ್ ಆಮ್ಲೆಟ್ ಕಟ್ಟಿಸಿಕೊಟ್ಟೆ. ಹಿಂದಿನ ದಿನವೂ ಅವರು ನಮ್ಮ ತಿಂಡಿ ಮುಟ್ಟದೆ ವಿಮಾನ ನೋಡಿಕೊಳ್ಳಲು ಹೋಗಿದ್ದರು. ಅದಕ್ಕೆ ಹೊರಟ ಸಮಯ ಹಾಕಿ, ತಿಂಡಿ ಬಡಿಸಿಲ್ಲ ಎಂದು ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿಕೊಟ್ಟೆ.

ದೀಪಾವಳಿ ಹೊತ್ತಿಗೆ ಹುಡುಗಿ ಫೋನ್ ಮಾಡಿದ್ದಳು. ಪತ್ರ ನೋಡಿ ಆ ತಿಂಡಿಯ ದುಡ್ಡು ಕಡಿಯದೆ ಕೊಟ್ಟರಂತೆ. ದಸರಾ ಮಿತಿಯ ವಿಷಯಕ್ಕೆ ಕ್ಯಾಪ್ಟನ್ ಮೇಲಿನವರಿಗೆ ಬರೆದಿದ್ದಾರೆ, ಉತ್ತರ ಇನ್ನೂ ಬಂದಿಲ್ಲವಂತೆ. ಅಲ್ಲಿಂದೀಚೆಗೆ ವಿಮಾನದ ಸಿಬ್ಬಂದಿಯ ಬುಕಿಂಗ್ ಬಂದರೆ, ಅವರು ಊರಿಗೆ ಇಳಿಯುವ ಮೊದಲೇ ಕಂಪನಿಗೆ ಫೋನ್ ಮಾಡಿ ಬಿಟಿಸಿ ಪತ್ರ ತರಿಸಿ ಇಟ್ಟುಕೊಳ್ಳುತ್ತೇನೆ.